ನೀವೂ ನಗ್ರಿ

ನಮ್ಮ ಏಜೆನ್ಸಿ ರೋಗಿಗಳನ್ನು ನೋಡಿಕೊಳ್ಳುವವರನ್ನು ಮನೆಗಳಿಗೆ ಕಳಿಸುತ್ತದೆ. ಅಂಧೇರಿಯ ನನ್ನ ಅಡುಗೆಮನೆಯಲ್ಲಿ ಕೂತೇ ಅವರಿಗೆ ಫೋನು ಮಾಡುವ ಕೆಲಸ ನನ್ನದು. ಗಂಡಸು ಹೋದರೆ ‘ಬ್ರದರ್’, ಹೆಂಗಸು ಹೋದರೆ ‘ಬಾಯಿ’. ಬ್ರದರ್ ಮನೆಯವರ ಪಾತ್ರೆ ತೊಳೆಯುವುದಿಲ್ಲ, ಬಾಯಿ ತೊಳೆಯುತ್ತಾಳೆ. ಮಧ್ಯಾಹ್ನದ ವಿಡಿಯೋ ಕಾಲ್ ಕೂಡ ಬಾಯಿಯರಿಗೆ ಮಾತ್ರ, ನಿದ್ದೆ ಮಾಡುತ್ತಿಲ್ಲವೆಂದು ತೋರಿಸಲು.

ಆ ದಿನ ಕಾಲ್ ಮಾಡಿದ್ದು ವಿಜಯಪುರದ ಕಡೆಯವಳೊಬ್ಬಳಿಗೆ. ಗ್ರಾಂಟ್ ರೋಡಿನ ಹಳೆಯ ಬಿಲ್ಡಿಂಗೊಂದರಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಳು. ಅಜ್ಜಿಯ ಮಗ ಅವಳ ಹಿಂದೆಯೇ ನಿಂತಿದ್ದ. ಅವಳು ನಗುತ್ತಿದ್ದಳು. ಗಂಜಿ ಕುಡಿಸಿದೆ, ಬಿಪಿ ನೋಡಿದೆ ಎಂದಳು. ಅದೇ ದನಿಯಲ್ಲಿ ಮುಂದುವರಿಸಿದಳು:

“ಅಕ್ಕಾರ, ಇವಗ ಕನ್ನಡ ಬರಂಗಿಲ್ಲ. ಬಾಗಲಾ ಹಾಕ್ಯಾನ, ಕೈ ಹಿಡದ ಎಳದ. ಹೊರಗ ಬಿಡವಲ್ಲ. ನಾ ನಕ್ಕೋತ ಹೇಳಾಕತ್ತೀನಿ, ನೀವೂ ನಗ್ರಿ.”

ನಾನು ನಕ್ಕೆ. ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ನನ್ನ ಹಲ್ಲುಗಳು ಕಾಣುತ್ತಿದ್ದವು. ಆಮೇಲೆ ಅವನಿಗೂ ತಿಳಿಯುವಂತೆ ಹಿಂದಿಯಲ್ಲಿ, ನಮ್ಮ ಸೂಪರ್‌ವೈಸರ್ ಕೆಳಗೇ ಇದ್ದಾರೆ, ಚೆಕಿಂಗಿಗೆ ಮೇಲೆ ಬರುತ್ತಿದ್ದಾರೆ, ಬಾಗಿಲು ತೆಗೆಯಿರಿ ಎಂದೆ. ಕೆಳಗೆ ಯಾರೂ ಇರಲಿಲ್ಲ. ಅವನು ಕ್ಯಾಮೆರಾವನ್ನೇ ನೋಡಿದ. ಚಿಲಕದ ಸದ್ದು. ಮೆಟ್ಟಿಲು, ಅವಳ ಉಸಿರು, ರಸ್ತೆಯ ಹಾರ್ನು.

ಅವನಿಗೆ ಕನ್ನಡ ಬರುತ್ತಿದ್ದರೆ? ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದ್ದರೆ? ಅನ್ನಕ್ಕೆ ನೀರಿಡುವಾಗಲೂ ಇದೇ ಯೋಚನೆ. ಅಳು ಬರುವುದಿಲ್ಲ, ಸಿಟ್ಟೂ ಇಲ್ಲ.

ಪೊಲೀಸರ ಮಾತೆತ್ತಿದಾಗ ಅವಳೇ ಬೇಡವೆಂದಳು. “ಮನ್ಯಾಗ ಗೊತ್ತಾದ್ರ ಕೆಲಸಾ ಬಿಡಸ್ತಾರ್ರೀ.” ಕೆಲಸ ಬಿಡಿಸಲು ಮ್ಯಾನೇಜರೂ ತಯಾರಿದ್ದರು. ಸಂಜೆಯ ಆನ್‌ಲೈನ್ ಮೀಟಿಂಗಿನಲ್ಲಿ ನಾನು ನಡೆದದ್ದನ್ನು ಹೇಳಿದ ಮೇಲೂ, ಪೇಶೆಂಟನ್ನು ಬಿಟ್ಟು ಬಂದವಳ ಹೆಸರು ತೆಗೆಯಿರಿ, ಬೇರೆ ಬಾಯಿ ಕಳಿಸಿ ಎಂದರು. ಬ್ರದರನ್ನು ಕಳಿಸೋಣ ಎಂದೆ. ಅಜ್ಜಿಗೆ ಸ್ನಾನ ಯಾರು ಮಾಡಿಸುತ್ತಾರೆ ಎಂದು ಕೇಳಿದರು. ಮಗ ಇದ್ದಾನಲ್ಲ ಎಂದೆ. ಮನೆಯಲ್ಲಿ ಕೂತು ಕೆಲಸ ಮಾಡುವ ನಿಮಗೇಕೆ ಇಷ್ಟು ಭಯ ಮೇಡಂ ಎಂದು ನಕ್ಕರು. ಅವಳ ಹೆಸರು ತೆಗೆದರೆ ನನ್ನದನ್ನೂ ತೆಗೆಯಿರಿ ಎಂದೆ. ಧೈರ್ಯವೇನೂ ಅಲ್ಲ, ಬಾಯಿಗೆ ಬಂತು, ಅಂದೆ. ಮೀಟಿಂಗ್ ಮುಗಿಯಿತು. ಆ ಮನೆಗೆ ನಾನು ಯಾರನ್ನೂ ಕಳಿಸಲಿಲ್ಲ.

ಅವಳೀಗ ಬೈಕುಲ್ಲಾದ ಒಂದು ಮನೆಯಲ್ಲಿದ್ದಾಳೆ. ಮಧ್ಯಾಹ್ನ ಕಾಲ್ ಮಾಡುತ್ತೇನೆ. ಅವಳು ನಕ್ಕರೆ ಏನಾಯಿತು ಎಂದು ಕೇಳುತ್ತೇನೆ.

“ಏನಿಲ್ರೀ ಅಕ್ಕಾರ, ಸುಮ್ನ ನಗು ಬಂತು.”

ಆದರೂ ಫೋನು ತಿರುಗಿಸಿ ಕೋಣೆ ತೋರಿಸು ಎನ್ನುತ್ತೇನೆ. ತೋರಿಸುತ್ತಾಳೆ.