ಮೈ ಬೆಚ್ಚಗಿದ್ದ ವಾರ

ಶಿಶುವಿಹಾರದ ಆಯಾಗೆ ಮಕ್ಕಳಿಟ್ಟ ಹೆಸರು ಉಫ್ ಅಮ್ಮ. ಕಿವುಚಿದ ಅನ್ನವನ್ನು ಚಮಚದಲ್ಲೆತ್ತಿ, ಉಫ್ ಎಂದು ಊದಿ, ಬಿಸಿ ಆರಿದೆಯೋ ಎಂದು ತನ್ನ ತುಟಿಗೆ ತಾಗಿಸಿಯೇ ಅವರ ಬಾಯಿಗಿಡುವವಳು. ಹನ್ನೆರಡು ಮಕ್ಕಳು, ಒಂದೇ ಚಮಚ. ಎಂಜಲು, ಜೊಲ್ಲು ಎಂದು ಮುಖ ಸಿಂಡರಿಸುವ ಜಾಯಮಾನ ಅವಳದಲ್ಲ. ಸಿಂಡರಿಸುವವರು ಆ ಕೆಲಸಕ್ಕೆ ನಾಲಾಯಕ್ಕು ಬಿಡಿ.

ಹೊಟ್ಟೆಯಲ್ಲಿ ಮಗಳಿದ್ದಾಗಲೂ ಹಾಗೇ ಉಣಿಸಿದಳು. ಮೂರನೇ ತಿಂಗಳಲ್ಲಿ ಒಂದು ವಾರ ಮೈ ಬೆಚ್ಚಗಿತ್ತು, ಗಂಟಲು ಕೆರೆಯುತ್ತಿತ್ತು. ತಪಾಸಣೆಗೆ ಹೋದಾಗ ನರ್ಸು, "ಜ್ವರಗಿರ ಏನಾದ್ರೂ ಬಂದಿತ್ತೇನಮ್ಮಾ?" ಎಂದಳು.

"ಇಲ್ಲ ಸಿಸ್ಟರ್."

ಸುಳ್ಳೇನಲ್ಲ. ಅವಳ ಪ್ರಕಾರ ಜ್ವರವೆಂದರೆ ಕಂಬಳಿ ಹೊದ್ದು ಮಲಗುವುದು, ಕೆಲಸಕ್ಕೆ ಚಕ್ಕರ್ ಹೊಡೆಯುವುದು. ಅವಳು ಒಂದು ದಿನವೂ ಮಲಗಿರಲಿಲ್ಲ. ಮೈ ಬೆಚ್ಚಗಾಗುವುದಕ್ಕೂ ಜ್ವರಕ್ಕೂ ಅಜಗಜಾಂತರ.

ಮಗಳಿಗೀಗ ಎರಡೂವರೆ ವರ್ಷ. ನಡೆಯುವುದಿಲ್ಲ, ಕರೆದರೆ ತಿರುಗುವುದಿಲ್ಲ. ಅತ್ತೆ ಮಾತ್ರ, "ನಿಧಾನ ಕಣೇ, ನಿನ್ನ ಗಂಡನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು. ಈಗ ಮುಚ್ಚಿಸೋಕಾಗ್ತಿದ್ಯಾ?" ಎಂದು ನಗಿಸುತ್ತಿದ್ದರು. ಹಾಗೆ ನಗುತ್ತಲೇ ಒಂದು ವರ್ಷ ಕಳೆದುಹೋಯಿತು.

ಕೊನೆಗೆ ದೊಡ್ಡಾಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಮಗುವಿನ ತಲೆಯ ಸ್ಕ್ಯಾನ್ ನೋಡಿ, "ನೀವು ಬಸುರಿಯಾಗಿದ್ದಾಗ ವೈರಸ್ ತಗುಲಿರಬಹುದು. ಚಿಕ್ಕ ಮಕ್ಕಳ ಜೊಲ್ಲಿಂದ ಬರುತ್ತೆ. ತಾಯಿಗೆ ಎಷ್ಟೋ ಸಲ ಗೊತ್ತೇ ಆಗಲ್ಲ, ಮಗುವಿನ ಮಿದುಳಿಗೆ, ಕಿವಿಗೆ ಪೆಟ್ಟು ಬೀಳುತ್ತೆ. ಅದೇ ಅಂತ ಈಗ ಖಚಿತವಾಗಿ ಹೇಳೋದು ಕಷ್ಟ" ಎಂದರು.

ಅವಳು ಚಮಚ, ತುಟಿ, ಆ ವಾರ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿಬಿಟ್ಟಳು. "ಅವತ್ತು ನಾನು ಜ್ವರ ಇತ್ತು ಅಂದಿದ್ರೆ, ಡಾಕ್ಟ್ರೇ?"

"ಅಂದಿದ್ರೂ ಹೆಚ್ಚೇನೂ ಮಾಡೋಕಾಗ್ತಿರಲಿಲ್ವೇನೋ. ನಿಮ್ಮ ತಪ್ಪಲ್ಲಮ್ಮ. ಕಿವಿಗೆ ಯಂತ್ರ ಹಾಕಿ ನೋಡೋಣ, ವ್ಯಾಯಾಮ ಮಾಡಿಸೋಣ. ಪೂರ್ತಿ ಸರಿಹೋಗುತ್ತೆ ಅಂತ ಮಾತ್ರ ಹೇಳಲಾರೆ."

ತಪ್ಪಲ್ಲ ಎಂದು ಕೇಳಿ ಎದೆ ಹಗುರಾಗಬೇಕಿತ್ತು. ಆಗಲಿಲ್ಲ, ಸಿಟ್ಟು ನೆತ್ತಿಗೇರಿತು. ತಪ್ಪಾದರೂ ತನ್ನದಾಗಿದ್ದರೆ ತಲೆ ಚಚ್ಚಿಕೊಂಡು ಅಳಬಹುದಿತ್ತು, ಯಾರ ಕಾಲಿಗಾದರೂ ಬೀಳಬಹುದಿತ್ತು. ಈಗ ಅದಕ್ಕೂ ದಾರಿಯಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಿವಿಯ ಹತ್ತಿರ "ಪುಟ್ಟೀ" ಎಂದಳು. ಇನ್ನೊಮ್ಮೆ, ಜೋರಾಗಿ. ಆಮೇಲೆ ಗಂಟಲು ಹರಿಯುವ ಹಾಗೆ ಕೂಗಿದಳು. ಕಂಡಕ್ಟರು, ಮುಂದಿನ ಸೀಟಿನವರು, ಎಲ್ಲರೂ ತಿರುಗಿ ನೋಡಿದರು. ಮಗಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು.