ಎರಡು ಮನೆಗೊಂದು ಗೋಡೆ

ಅವಳಿಗೆ ಇರುವೆ ಅಂತ ಹೆಸರಿಟ್ಟವಳು ಅಕ್ಕ. ಚಿಕ್ಕಂದಿನಲ್ಲಿ ನೆಲಕ್ಕೆ ಮೂಗು ತಾಗಿಸಿಕೊಂಡು ಮಣಿಗಳನ್ನು ಸಾಲಾಗಿ ಜೋಡಿಸುತ್ತ ಕೂತುಬಿಟ್ಟರೆ ಎಷ್ಟು ಕೂಗಿದರೂ ಓಗೊಡುತ್ತಿರಲಿಲ್ಲವಂತೆ. ಈಗಲೂ ಮಾಡುತ್ತಿರುವುದು ಅದನ್ನೇ, ಮಣಿ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣದು. ಕನ್ನಡಕದೊಳಗೆ ಕೂರುವ ಉಗುರಗಲದ ಪರದೆಗಳಲ್ಲಿ ಒಂದೊಂದು ಚುಕ್ಕಿಯ ಹಿಂದೆಯೂ ಒಂದು ಸರ್ಕ್ಯೂಟ್ ಇರಬೇಕು ನೋಡಿ, ಅದನ್ನು ಬರೆಯುವುದು ಅವಳ ಕೆಲಸ. ಒಂದು ಚುಕ್ಕಿ ಬರೆದುಕೊಟ್ಟರೆ ಸಾಕು, ಯಂತ್ರ ಅದನ್ನೇ ಲಕ್ಷಾಂತರ ಸಲ ಅಚ್ಚೊತ್ತುತ್ತದೆ. ವರ್ಷವಿಡೀ ಒಂದು ಚುಕ್ಕಿ ಇಡುವುದಕ್ಕೆ ಸಂಬಳ ಕೊಡುವ ಪುಣ್ಯಾತ್ಮರು ಯಾರಪ್ಪಾ ಅಂತ ಅಕ್ಕ ಗೇಲಿ ಮಾಡುತ್ತಿದ್ದಳು.

ಆ ಚುಕ್ಕಿಯನ್ನು ಒಂದು ಪುಟ್ಟ ಮನೆ ಅಂದುಕೊಳ್ಳಿ. ಕರೆಂಟು ಬರುವುದಕ್ಕೊಂದು ಕೊಳವೆ, ಬಿಡುವುದಕ್ಕೆ ತಡೆಯುವುದಕ್ಕೆ ನಾಲ್ಕಾರು ನಲ್ಲಿ, ಮುಂದಿನ ಚಿತ್ರ ಬರುವ ತನಕ ಬೆಳಕಿನ ಲೆಕ್ಕ ಹಿಡಿದಿಟ್ಟುಕೊಳ್ಳಲು ಒಂದು ಕೊಡ. ಇಷ್ಟನ್ನೂ ಪದರದ ಮೇಲೆ ಪದರವಾಗಿ ಅಚ್ಚು ಹಾಕುತ್ತಾರೆ. ಇರುವೆಯ ಕಂಪ್ಯೂಟರಿನಲ್ಲಿ ಒಂದೊಂದು ಪದರಕ್ಕೂ ಒಂದೊಂದು ಬಣ್ಣ. ನೋಡುತ್ತ ನೋಡುತ್ತ ಅವಳು ಆ ಬಣ್ಣಗಳೊಳಗೆ ಇಳಿದುಬಿಡುತ್ತಿದ್ದಳು. ಹಸಿರು ಓಣಿಯಲ್ಲಿ ನಡೆದು, ಕೆಂಪು ಸೇತುವೆ ದಾಟಿ, ನೀಲಿ ಅಂಗಳದಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದಳು. ಬಸ್ಸಿನಲ್ಲೂ ಅದೇ ಗುಂಗು. ಎದುರಿನ ಕಟ್ಟಡದ ಕಿಟಕಿಗಳು ಹೊತ್ತಿ ಆರುವುದನ್ನು ನೋಡುತ್ತ ಇಳಿಯುವ ಸ್ಟಾಪು ಬಿಟ್ಟು ಮುಂದಕ್ಕೆ ಹೋಗಿ, ನಡೆದುಕೊಂಡು ವಾಪಸು ಬರುತ್ತಿದ್ದಳು. ಅದಕ್ಕೂ ಅಕ್ಕನ ಹತ್ತಿರ ಬೈಸಿಕೊಳ್ಳುತ್ತಿದ್ದಳು ಅನ್ನಿ.

ಅಕ್ಕ ಬೈದರೆ ತಪ್ಪಿಲ್ಲ, ಅವಳು ಬಸ್ ಕಂಡಕ್ಟರ್ ಆಗಿದ್ದವಳು. ಕಿಕ್ಕಿರಿದ ಬಸ್ಸಿನಲ್ಲೂ ಮುಖ ನೋಡಿಯೇ ಟಿಕೆಟ್ ತೆಗೆದುಕೊಳ್ಳದವನನ್ನು ಹಿಡಿಯುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಆ ಸಂಬಳದಲ್ಲೇ ತಂಗಿಯನ್ನು ಓದಿಸಿದಳು. ಅಂಥವಳ ಕಣ್ಣಿನ ನಡುಭಾಗವೇ ಎಷ್ಟೋ ವರ್ಷದ ಹಿಂದೆ ಹೋಗಿಬಿಟ್ಟಿತು. ಅಂಚು ಉಳಿದಿದೆ, ಮಧ್ಯ ಇಲ್ಲ. ಬಾಗಿಲು ಕಾಣುತ್ತದೆ, ಬಂದವರ ಮುಖ ಕಾಣುವುದಿಲ್ಲ. ಆ ಅಂಚೂ ಮೆಲ್ಲಗೆ ಸವೆಯುತ್ತಿದೆ, ಹೆಚ್ಚು ಕಾಲ ಇರುವುದಿಲ್ಲ ಅಂತ ಕಣ್ಣಿನ ಡಾಕ್ಟರು ಹೇಳಿದ್ದರು. ಇರುವೆ ಬರೆಯುತ್ತಿದ್ದದ್ದು ಇಂಥವರ ಕನ್ನಡಕಕ್ಕೇ. ಅದರ ಕ್ಯಾಮೆರಾ ಎದುರಿನದನ್ನು ಹಿಡಿದು, ದೊಡ್ಡದು ಮಾಡಿ, ಉಳಿದಿರುವ ಅಂಚಿಗೆ ತಂದು ತೋರಿಸುತ್ತದೆ. ಆದರೆ ಮೊದಲ ಮಾದರಿಯಲ್ಲಿ ಚುಕ್ಕಿಗಳು ದಪ್ಪ. ತಂಗಿಯ ಮುಖ ಕಲ್ಲುಸಕ್ಕರೆ ಹರವಿದ ಹಾಗೆ ಕಾಣುತ್ತದೆ ಅಂದಳು ಅಕ್ಕ. ಅಂಚು ಸವೆಯುವುದರೊಳಗೆ ಚುಕ್ಕಿ ಸಣ್ಣದಾಗಬೇಕಿತ್ತು. ಆಗದಿದ್ದರೆ ಅಕ್ಕ ಅವಳ ಮುಖವನ್ನು ಮತ್ತೆ ನೋಡುವ ಹಾಗೇ ಇರಲಿಲ್ಲ.

ದಾರಿ ಹೊಳೆದದ್ದು ಪಾತ್ರೆ ತೊಳೆಯುವಾಗ. ಗೋಡೆಯ ಆಚೆ ಬಚ್ಚಲಲ್ಲಿ ಅಕ್ಕ ಮುಖ ತೊಳೆಯುತ್ತಿದ್ದಳು, ಈಚೆ ಇವಳ ನಲ್ಲಿಯ ನೀರು ಸಣ್ಣಗಾಯಿತು. ಕೊಳವೆ ಎರಡಕ್ಕೂ ಒಂದೇ, ಗೋಡೆಯೊಳಗೆ. ಇರುವೆ ಸೋಪಿನ ಕೈಯಲ್ಲೇ ನಿಂತುಬಿಟ್ಟಳು. ಅಕ್ಕಪಕ್ಕದ ಎರಡು ಚುಕ್ಕಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದರೆ ಇಬ್ಬರಿಗೂ ಒಂದೇ ಕೊಳವೆ ಸಾಕು, ಅಷ್ಟು ಜಾಗ ಉಳಿಯಿತು! ಒಂದು ಮನೆ ಬರೆದು ಅದನ್ನೇ ತಿರುವಿ ಪಕ್ಕದಲ್ಲಿಡುವುದಕ್ಕೆ ಆ ಕಸುಬಿನಲ್ಲಿ ಕನ್ನಡಿ ಹಿಡಿಯುವುದು ಅನ್ನುತ್ತಾರೆ. ಮೇಲಧಿಕಾರಿ ಗೊಣಗಪ್ಪ (ಆಫೀಸಿನವರೆಲ್ಲ ಇಟ್ಟ ಹೆಸರದು) ಮೂಗು ಮುರಿದರೂ ಒಪ್ಪಿದ.

ಮಾದರಿ ಬಂತು. ಅಕ್ಕ ಹಾಕಿಕೊಂಡಳು. ಬಾಚಣಿಗೆಯ ಹಲ್ಲಿನ ಸಂದಿಯಿಂದ ನೋಡಿದ ಹಾಗಿದೆ ಅಂತ ಕನ್ನಡಕ ತೆಗೆದುಕೊಟ್ಟಳು. ನಿಜ, ಒಂದು ಸಾಲು ಬೆಳಕು, ಒಂದು ಸಾಲು ಮಂಕು, ಪರದೆಯುದ್ದಕ್ಕೂ. ಇರುವೆಗೆ ಕಾರಣ ಆ ಕ್ಷಣವೇ ಗೊತ್ತಾಯಿತು, ನಾಲಿಗೆ ಕಚ್ಚಿಕೊಂಡಳು. ಪದರಗಳನ್ನು ಅಚ್ಚು ಹಾಕುವಾಗ ಮೇಲಿನದು ಕೂದಲೆಳೆಗಿಂತ ಕಡಿಮೆ ಆ ಕಡೆಯೋ ಈ ಕಡೆಯೋ ಜರುಗಿಯೇ ಜರುಗುತ್ತದೆ. ಎಲ್ಲ ಮನೆಗಳ ಮುಖವೂ ಒಂದೇ ಕಡೆ ಇದ್ದರೆ ಎಲ್ಲದಕ್ಕೂ ಒಂದೇ ತಪ್ಪು, ಕಣ್ಣಿಗೆ ಬೀಳುವುದಿಲ್ಲ. ಕನ್ನಡಿ ಹಿಡಿದರೆ ಈ ಮನೆಯಲ್ಲಿ ಪದರ ಹೆಚ್ಚು ಚಾಚಿದಷ್ಟೂ ಪಕ್ಕದ ಮನೆಯಲ್ಲಿ ಕಡಿಮೆಯಾಗುತ್ತದೆ, ಬೆಳಕೂ ಹಾಗೇ ಏರುಪೇರು. ಹೊಸಬರಿಗೆ ಅವಳೇ ಹೇಳಿಕೊಡುತ್ತಿದ್ದ ಪಾಠ! ಖುಷಿಯಲ್ಲಿ ಮರೆತಿದ್ದಳು. ಗೊಣಗಪ್ಪ ಬೈಯಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಇನ್ನೊಂದು ಸಲ ಅಚ್ಚು ಹಾಕಿಸಬಹುದು, ಅದೇ ಕೊನೆ, ಸುಮ್ಮನೆ ಹಳೆಯ ದಪ್ಪ ಚುಕ್ಕಿಗೇ ವಾಪಸು ಹೋಗೋಣ ಅಂದ.

ಅವಳು ತಲೆಯಾಡಿಸಿ ತನ್ನ ಕುರ್ಚಿಗೆ ಬಂದು ಕೂತಳು. ಹಟ ಅನ್ನಿ, ಹುಚ್ಚು ಅನ್ನಿ, ಹಳೆಯ ಚುಕ್ಕಿಯನ್ನು ತೆರೆಯಲೇ ಇಲ್ಲ. ಕನ್ನಡಿ ಹಿಡಿದ ಮನೆಗಳೊಳಗೇ ಮತ್ತೆ ಇಳಿದಳು. ಮಧ್ಯಾಹ್ನದ ಬಿಸಿಲು ಮೇಜಿನ ಮೇಲಿಂದ ನೆಲಕ್ಕೆ ಜಾರಿದ್ದೂ ಗೊತ್ತಾಗಲಿಲ್ಲ. ಪದರ ಜರುಗಿದರೆ ಜರುಗಲಿ, ಅದನ್ನು ತಡೆಯಲು ತಾನ್ಯಾರು? ಪದರ ಒಂದೇ ಬದಿಗೆ ಚಾಚಿದೆಯಲ್ಲ, ಇನ್ನೊಂದು ಬದಿಗೂ ಅಷ್ಟೇ ಅಗಲದ ಜಗಲಿ ಕಟ್ಟಿಬಿಟ್ಟರೆ? ಎಡಕ್ಕೆ ಕಳೆದದ್ದು ಬಲಕ್ಕೆ ಸೇರುತ್ತದೆ, ಒಟ್ಟು ಅಷ್ಟೇ ಇರುತ್ತದೆ. ಆದರೆ ಜಗಲಿಗೆ ಜಾಗ ಬೇಕಲ್ಲ. ಹುಡುಕಿ ಹುಡುಕಿ ನಡುಗೋಡೆಯ ಹತ್ತಿರ ಸಿಕ್ಕಿತು. ಕೊಳವೆ ಒಂದೇ ಆಗಿದ್ದರೂ ಅದರಿಂದ ಕರೆಂಟು ಒಳಗೆ ಬರಲು ಮನೆಗೊಂದರಂತೆ ಎರಡು ಬಾಗಿಲು ಉಳಿದುಕೊಂಡಿದ್ದವು. ಎರಡನ್ನೂ ಸೇರಿಸಿ ಒಂದು ಮಾಡಿದಳು, ಉಳಿದ ಜಾಗಕ್ಕೆ ಜಗಲಿಗಳು ಸರಿಯಾಗಿ ಕೂತವು. ಅವಳಿಗೆ ಅಳು ಬಂತು.

ಕೊನೆಯ ಮಾದರಿ ಬರುವ ತನಕ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಬಂದದ್ದು ಒಂದೇ ಕನ್ನಡಕ, ಅದನ್ನೂ ಈ ಕೆಲಸ ವಹಿಸಿದ್ದ ಕನ್ನಡಕದ ಕಂಪನಿಗೆ ಅದೇ ಸಂಜೆ ಕಳಿಸಬೇಕು. ಗೊಣಗಪ್ಪನನ್ನು ಕಾಡಿ ಬೇಡಿ ಅಕ್ಕನನ್ನು ಪರೀಕ್ಷೆಯ ಕೋಣೆಗೇ ಕರೆಸಿದಳು. ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತು ಕನ್ನಡಕ ಏರಿಸಿದಳು, ಕತ್ತು ಅತ್ತಿತ್ತ ಹೊರಳಿಸಿದಳು, ಇರುವೆಯ ಕಡೆ ತಿರುಗಿ ಅಲ್ಲೇ ನೋಟ ನಿಲ್ಲಿಸಿಬಿಟ್ಟಳು. ಮತ್ತೆ ಗೆರೆಯೇನಕ್ಕಾ ಅಂತ ಇರುವೆ ಕೇಳಿದಳು.

"ಗೆರೆಯೇನೂ ಇಲ್ಲ ಕಣೆ," ಅಂದಳು ಅಕ್ಕ. "ನಿನ್ನ ಕೂದಲು ಯಾವಾಗ ಬೆಳ್ಳಗಾಯ್ತು?"

ಆಗಿ ಬಹಳ ದಿನವಾಯಿತು ಅಂದಳು ಇರುವೆ ಮೆಲ್ಲಗೆ. ಅಕ್ಕ ಮುಂದಕ್ಕೆ ಬಾಗಿ, ಅವಳ ಹಣೆ, ಕಣ್ಣಿನ ಕೆಳಗೆ, ಬಾಯಿಯ ಅಂಚು, ಒಂದೊಂದನ್ನೂ ನೋಡುತ್ತ ಹೋದಳು. ಗೊಣಗಪ್ಪ ಗಡಿಯಾರ ನೋಡಿದ, ಪೆಟ್ಟಿಗೆ ತೆರೆದ, ಕನ್ನಡಕಕ್ಕೆ ಕೈ ಚಾಚಿದ.

"ಇನ್ನೊಂಚೂರು ಇರಲಿ ಸ್ವಾಮಿ," ಅಂದಳು ಅಕ್ಕ, ತಂಗಿಯಿಂದ ಕಣ್ಣು ತೆಗೆಯದೆ. "ನಾನು ಕೊನೇ ಸಲ ನೋಡಿದಾಗ ಇವಳಿನ್ನೂ ಹುಡುಗಿ."

ಗೊಣಗಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಪಕ್ಕದ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.