ಬಾವುಟದ ಕೇಕ್ ಮತ್ತು ಬಿರುಕು ಬಿಟ್ಟ ಪಿನ್

ಕೇಕ್ ತಿಂದು ಯುದ್ಧವನ್ನು ವಿರೋಧಿಸಿದವರನ್ನು ನೀವು ನೋಡಿದ್ದೀರಾ?

ನಾನೇ ತಿಂದಿದ್ದೇನೆ. ಎರಡು ಪೀಸ್.

ಕಳೆದ ಚಳಿಗಾಲದ ಮಾತು. ಮುಕಿಲ್ಟಿಯೊ ಎಂಬ ಊರಿನಲ್ಲಿರುವ ನಮ್ಮ ಕಂಪನಿಯ ಕೆಫೆಟೇರಿಯಾದಲ್ಲಿ ಎಲ್ಲರನ್ನೂ ಸೇರಿಸಿದರು. ನಮ್ಮದು ಸಣ್ಣ ಕಂಪನಿ. ವಿಮಾನದ ಹೊಟ್ಟೆಯಲ್ಲಿ ಸಾಮಾನು ತುಂಬುವ ಬಾಗಿಲಿರುತ್ತದಲ್ಲ, ಅದು ಹಾರಾಟದ ನಡುವೆ ತೆರೆದುಕೊಳ್ಳದಂತೆ ಹಿಡಿದಿಡುವ ಲಾಕ್‌ಗಳನ್ನು ಮಾಡುತ್ತೇವೆ. ದೊಡ್ಡ ಬಾಸ್ ಮೈಕ್ ಹಿಡಿದು, ತನ್ನ ಪಕ್ಕದ ದೇಶದ ಮೇಲೆ ಯುದ್ಧಕ್ಕೆ ಬಿದ್ದಿರುವ ಆ ದೇಶಕ್ಕೆ ಇನ್ನು ಮುಂದೆ ನಾವು ಒಂದು ಸ್ಕ್ರೂ ಕೂಡ ಮಾರುವುದಿಲ್ಲ ಎಂದರು. (ದೇಶದ ಹೆಸರು ಬೇಡ. ಈ ವರ್ಷ ಒಂದು, ಮುಂದಿನ ವರ್ಷ ಇನ್ನೊಂದು. ಯುದ್ಧ ಮಾಡುವ ಎಲ್ಲ ದೇಶಗಳಿಗೂ ಇದೇ ನಿಯಮವೇ ಎಂದೂ ಕೇಳಬೇಡಿ. ಗ್ರೀನ್ ಕಾರ್ಡ್‌ಗೆ ಕಾಯುತ್ತ ನಾನು ಯಾವ ದೇಶದಲ್ಲಿ ಕೂತು ಬರೆಯುತ್ತಿದ್ದೇನೆ ಎಂಬುದು ನಿಮಗೆ ಗೊತ್ತಲ್ಲ.)

ಕೆಲವರ ಕಣ್ಣು ಒದ್ದೆಯಾಯಿತು. ಆಮೇಲೆ ಕೇಕ್ ಬಂತು. ದಾಳಿಗೆ ತುತ್ತಾದ ದೇಶದ ಬಾವುಟದ ಬಣ್ಣದ ಐಸಿಂಗ್. ಯಾರ ಪರ ನಿಂತಿದ್ದೇವೆ ಎಂದೆವೋ ಅವರದೇ ಬಾವುಟವನ್ನು ಪ್ಲಾಸ್ಟಿಕ್ ಚಾಕುವಿನಲ್ಲಿ ಕೊಯ್ದು ತಿಂದೆವು. ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ. ನನಗೂ.

ಚಪ್ಪಾಳೆಯನ್ನೂ ತಟ್ಟಿದೆ. ಚಪ್ಪಾಳೆಯ ಬಗ್ಗೆ ಈಗಲೂ ನಾಚಿಕೆಯಿಲ್ಲ. ಮಕ್ಕಳು ಮಲಗಿರುವ ಕಟ್ಟಡದ ಮೇಲೆ ಬಾಂಬ್ ಹಾಕುವವರ ಜೊತೆ ವ್ಯಾಪಾರ ಮಾಡಬಾರದು. "ಬಿಸಿನೆಸ್ಸೇ ಬೇರೆ, ಪಾಲಿಟಿಕ್ಸೇ ಬೇರೆ" ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ಬೀದಿಯ ಅಂಗಡಿಯವನು ಹೆಂಡತಿಗೆ ಹೊಡೆಯುತ್ತಾನೆ ಎಂದು ಗೊತ್ತಾದ ದಿನದಿಂದ ನಮ್ಮಜ್ಜಿ ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದಳು. ಬೆಲ್ಲ ಬೇಕೆಂದರೆ ಬಿಸಿಲಿನಲ್ಲಿ ಮಾರ್ಕೆಟ್ಟಿನ ತನಕ ನಡೆಯುತ್ತಿದ್ದಳು. ನಾನು ಆ ಅಜ್ಜಿಯ ಮೊಮ್ಮಗಳು.

ಸರಿ, ಕೇಕ್ ಮುಗಿಯಿತು. ಮಾರನೆಯ ದಿನ ನನಗೊಂದು ಇಮೇಲ್ ಬಂತು.

ಇಲ್ಲಿ ನಾನು ಸೇಫ್ಟಿ ನೋಟಿಸ್ ಬರೆಯುವವಳು. ನಮ್ಮ ಲಾಕ್‌ನಲ್ಲಿ ದೋಷ ಕಂಡರೆ, ಅದನ್ನು ಬಳಸುವ ಎಲ್ಲ ಏರ್‌ಲೈನ್‌ಗಳ ಎಂಜಿನಿಯರ್‌ಗಳಿಗೆ ತಿಳಿಸುವುದು ನನ್ನ ಕೆಲಸ. ಇಮೇಲ್‌ನಲ್ಲಿ ಇದ್ದದ್ದು ಒಂದೇ ಸಾಲು. ಆ ದೇಶದವರ ಹೆಸರುಗಳನ್ನು ಸೇಲ್ಸ್ ಲಿಸ್ಟ್‌ನಿಂದ ತೆಗೆಯಬೇಕು.

ಸೇಲ್ಸ್ ಲಿಸ್ಟ್‌ನಿಂದ. ಅಷ್ಟೇ.

ಆದರೆ ಹೇಳಿದ್ದಕ್ಕಿಂತ ಎರಡು ಪಟ್ಟು ಮಾಡಿ ತೋರಿಸುವುದು ವೀಸಾದ ಮೇಲೆ ಬಂದ ನಮ್ಮಂಥವರ ಹಳೆಯ ರೋಗ. ಗುಡಿಸು ಎಂದರೆ ಒರೆಸಿಯೂ ಇಡುತ್ತೇವೆ. ಸೇಲ್ಸ್ ಲಿಸ್ಟ್ ಮುಗಿದ ಮೇಲೂ ನನ್ನ ಕೈ ನಿಲ್ಲಲಿಲ್ಲ. ಯಾರೂ ಕೇಳದಿದ್ದರೂ, ನಾನು ನೋಟಿಸ್ ಕಳಿಸುವ ಸೇಫ್ಟಿ ಲಿಸ್ಟ್‌ನಿಂದಲೂ ಅವರನ್ನು ಅಳಿಸಿದೆ. "ಎರಡೂ ಲಿಸ್ಟ್ ಕ್ಲೀನ್ ಮಾಡಿದೀನಿ" ಎಂದು ನನ್ನ ಮ್ಯಾನೇಜರ್ ಡಗ್‌ಗೆ ಬರೆದೆ. ಆತ ಒಂದು ಥಂಬ್ಸ್ ಅಪ್ ಕಳಿಸಿದ. ಆ ಶನಿವಾರ ಕರ್ಕ್‌ಲ್ಯಾಂಡ್‌ನ ಗೆಳೆಯರ ಮನೆಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್‌ನಲ್ಲಿ ಬಿಸಿಬೇಳೆಬಾತ್ ತಟ್ಟೆ ಹಿಡಿದುಕೊಂಡು ಇದನ್ನೇ ದೊಡ್ಡ ಸಾಹಸದಂತೆ ಹೇಳಿಕೊಂಡೆ ಬೇರೆ.

ಅಳಿಸಿದ ಹೆಸರುಗಳಲ್ಲಿ ಒಂದು ಜಾಮ್ ಆಂಟಿಯದು.

ಆ ಹೆಸರಿಟ್ಟವಳು ನನ್ನ ಮಗಳು. ಆ ದೇಶದ ಒಂದು ಏರ್‌ಲೈನ್‌ನಲ್ಲಿ ಎಂಜಿನಿಯರ್ ಆಗಿರುವ ಈಕೆ, ನಾನು ಮನೆಯಿಂದ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ವಿಡಿಯೋ ಕಾಲ್‌ಗೆ ಬರುತ್ತಿದ್ದಳು. ಹಿಂದಿನ ಶೆಲ್ಫ್ ತುಂಬ ಪ್ಲಮ್ ಜಾಮ್‌ನ ಬಾಟಲಿಗಳು. ಮಗಳು ಪಕ್ಕದಲ್ಲಿ ಇಣುಕಿದರೆ ಒಂದು ಬಾಟಲಿಯನ್ನು ಕ್ಯಾಮೆರಾದ ಹತ್ತಿರ ಹಿಡಿದು ನಗುತ್ತಿದ್ದಳು. ಒಮ್ಮೆ ನನ್ನ ನೋಟಿಸ್‌ನಲ್ಲಿ ಒಂದು ಅಳತೆ ತಪ್ಪಾಗಿತ್ತು. ಬೋಲ್ಟ್ ಎಷ್ಟು ಬಿಗಿ ಮಾಡಬೇಕು ಎಂಬ ಅಳತೆ, ಹುಡುಗಾಟವಲ್ಲ. ಜಗತ್ತಿನಲ್ಲಿ ಯಾರೂ ಗಮನಿಸಲಿಲ್ಲ, ಆಕೆ ಗಮನಿಸಿದಳು. ನನಗೊಬ್ಬಳಿಗೇ ಬರೆದಳು. ಬಾಸ್‌ಗೆ ಸಿಸಿ ಹಾಕಲಿಲ್ಲ. ಆಫೀಸಿನಲ್ಲಿ ದುಡಿದವರಿಗೆ ಇದು ಎಂಥ ದೊಡ್ಡ ಉಪಕಾರ ಎಂದು ಬಿಡಿಸಿ ಹೇಳಬೇಕೇ?

ಅವಳನ್ನು ಅಳಿಸುವಾಗ ಒಂದು ಬೈ ಕೂಡ ಹೇಳಲಿಲ್ಲ ನಾನು.

ಮೂರು ತಿಂಗಳು ಕಳೆಯಿತು. ನಮ್ಮ ಲ್ಯಾಬಿನಲ್ಲಿ ಒಂದು ಲಾಕ್‌ನ ಪಿನ್ ಬಿರುಕು ಬಿಟ್ಟಿತು. ಅದೇ ಬ್ಯಾಚಿನ ಇನ್ನೊಂದನ್ನು ಪರೀಕ್ಷಿಸಿದರು. ಅದರಲ್ಲೂ ಬಿರುಕು. ಮಧ್ಯಾಹ್ನದೊಳಗೆ ನಾನು ನೋಟಿಸ್ ಬರೆದೆ. "ಮುಂದಿನ ಹಾರಾಟಕ್ಕೆ ಮೊದಲು ಈ ಪಿನ್ ಪರೀಕ್ಷಿಸಿ. ಬಿರುಕಿದ್ದರೆ ವಿಮಾನ ಹಾರಿಸಬೇಡಿ." ಸೆಂಡ್ ಒತ್ತಿದೆ. ಆಮೇಲೆ, ಆ ಬ್ಯಾಚ್ ಯಾರ್ಯಾರಿಗೆ ಹೋಗಿತ್ತು ಎಂದು ಶಿಪ್ಪಿಂಗ್‌ನವರು ಕೊಟ್ಟ ಪಟ್ಟಿಯನ್ನು ನೋಡಿದೆ.

ಜಾಮ್ ಆಂಟಿಯ ಏರ್‌ಲೈನ್ ಅದರಲ್ಲಿತ್ತು, ಕೇಕ್ ಕತ್ತರಿಸುವ ಮೊದಲೇ ಮಾರಿದ್ದು. ನನ್ನ ಲಿಸ್ಟ್‌ನಲ್ಲಿ ಇರಲಿಲ್ಲ.

ಡಗ್‌ನ ಕ್ಯುಬಿಕಲ್‌ಗೆ ಓಡಿದೆ. "ನನ್ನದೇ ತಪ್ಪು. ವಾಪಸ್ ಸೇರಿಸಿ ಈಗಲೇ ಕಳಿಸ್ತೀನಿ" ಎಂದೆ. ಆತ ಮುಖ ಕಿವುಚಿಕೊಂಡ. "ಲೀಗಲ್‌ನವರನ್ನ ಕೇಳೋಣ."

ಲೀಗಲ್‌ನಲ್ಲಿದ್ದವಳು ಮೆಲಿಸ್ಸಾ. ಬಹಳ ಒಳ್ಳೆಯವಳು. (ಇಲ್ಲಿ ಎಲ್ಲರೂ ಬಹಳ ಒಳ್ಳೆಯವರು. ಅದೇ ಸಮಸ್ಯೆ.) ಶಾಂತವಾಗಿ ವಿವರಿಸಿದಳು. ಹೆಸರು ಲಿಸ್ಟ್‌ನಲ್ಲೇ ಉಳಿದಿದ್ದರೆ ತೊಂದರೆ ಇರಲಿಲ್ಲವಂತೆ. ತೆಗೆದು ಮತ್ತೆ ಸೇರಿಸಿದರೆ ಅದು ಹೊಸ ಸಂಪರ್ಕವಂತೆ. ಅದಕ್ಕೆ ಸರ್ಕಾರದ ಪರ್ಮಿಷನ್ ಬೇಕಂತೆ. ಅರ್ಜಿ ಹಾಕಬಹುದು, ಆದರೆ ಅಷ್ಟೆಲ್ಲ ಹೇಳಿ ಆ ದೇಶದಿಂದ ಹೊರಬಂದ ಮೇಲೆ ಆಪ್ಟಿಕ್ಸ್ ಚೆನ್ನಾಗಿರುವುದಿಲ್ಲವಂತೆ.

ಆಪ್ಟಿಕ್ಸ್! ಅಂದರೆ, ನೋಡುವವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬ ಚಿಂತೆ. ವಿಮಾನದ ಬಾಗಿಲು ಆಕಾಶದಲ್ಲಿ ಕಿತ್ತುಹೋದರೆ ಹೇಗೆ ಕಾಣುತ್ತದೆ ತಾಯಿ?

"ಅದರಲ್ಲಿ ಕೂರೋರು ಸೈನಿಕರಲ್ಲ. ಅಜ್ಜಿ ಮನೆಗೆ ಹೋಗೋ ಮಕ್ಕಳು" ಎಂದೆ. ನನ್ನ ದನಿ ಏರಿತ್ತು. ಮೆಲಿಸ್ಸಾ ನನಗೊಂದು ಲೋಟ ನೀರು ಕೊಟ್ಟಳು.

ಕೋಪ ಇಳಿಯಲಿ ಎಂದು ಹಿಂದಿನ ದಾರಿಯಿಂದ, ಲಾರಿಗಳು ಸರಕು ಇಳಿಸುವ ಕಡೆಯಿಂದ ನಡೆದೆ. ಅಲ್ಲಿ ಫೋರ್ಕ್‌ಲಿಫ್ಟ್‌ನ ಪಕ್ಕ ಮರದ ಪೆಟ್ಟಿಗೆಗಳು. ನಮ್ಮ ಲಾಕ್‌ಗಳಿಗೆ ಬೇಕಾಗುವ ಟೈಟೇನಿಯಂ. ಮೇಲೆ ಬೇರೊಂದು ದೇಶದ ಲೇಬಲ್ ಅಂಟಿಸಿದ್ದರು. ಅಂಟು ಸರಿಯಾಗಿ ಕೂರದೆ ಮೂಲೆ ಎದ್ದಿತ್ತು. ಎಳೆದು ನೋಡಿದೆ. ಕೆಳಗೆ ಮರಕ್ಕೇ ಒತ್ತಿದ ಮುದ್ರೆ. ಆ ದೇಶದ್ದು. ಅದೇ ದೇಶದ್ದು. ಬಂದ ತಾರೀಕು ಹಿಂದಿನ ವಾರದ್ದು.

ವಾಪಸ್ ಡಗ್‌ನ ಹತ್ತಿರ ಹೋದೆ. "ಇದೇನು?"

"ಓ, ಅದು ಸಪ್ಲೈ. ನಾವು ನಿಲ್ಲಿಸಿದ್ದು ಸೇಲ್ಸ್" ಎಂದ.

"ಕೊಳ್ಳೋದು ವ್ಯಾಪಾರ ಅಲ್ವಾ?"

"ಕಾಂಟ್ರಾಕ್ಟ್ ಇದೆ. ಬೇರೆ ಕಡೆ ಈ ಕ್ವಾಲಿಟಿ ಸಿಗಲ್ಲ. ಇಟ್ಸ್ ಕಾಂಪ್ಲಿಕೇಟೆಡ್."

ನೋಡಿ, ಮನುಷ್ಯರಿಗೆ ಎಚ್ಚರಿಕೆ ಕೊಡುವುದು ಬಂದಾಗ ರೂಲು ಸಿಂಪಲ್. ಲೋಹ ಕೊಳ್ಳುವುದು ಬಂದಾಗ ಕಾಂಪ್ಲಿಕೇಟೆಡ್. ಅವರ ಬಾಂಬಿಗೆ ದುಡ್ಡಾಗುವುದು ನಾವು ಮಾರುವ ಸ್ಕ್ರೂ ಅಲ್ಲ, ನಾವು ಕೊಳ್ಳುವ ಪೆಟ್ಟಿಗೆ. ಇಷ್ಟು ತಿಳಿಯಲು ಎಂಬಿಎ ಬೇಕೇ? ನಮ್ಮಜ್ಜಿ ನಿಲ್ಲಿಸಿದ್ದು ಕೊಳ್ಳುವುದನ್ನು. ಬಿಸಿಲಿನಲ್ಲಿ ನಡೆದವಳು ಅವಳು. ತನಗೆ ನೋವಾಗದ ಬಹಿಷ್ಕಾರ ಅದೆಂಥ ಬಹಿಷ್ಕಾರ?

ಮನೆಗೆ ಬಂದು ಬ್ಯಾಗ್ ಎಸೆದೆ. ಗಂಡ ರವಿ ಎಲ್ಲವನ್ನೂ ಕೇಳಿಸಿಕೊಂಡ. "ನೀನು ಹೇಳೋದು ಸರೀನೇ ಕಣೇ. ಆದ್ರೆ ಕೆಲಸ ಹೋದ್ರೆ ಈ ದೇಶ ಬಿಡೋಕೆ ನಮಗಿರೋದು ಅರವತ್ತು ದಿನ. ಗ್ರೀನ್ ಕಾರ್ಡ್ ಅಪ್ಲಿಕೇಶನ್ ಇರೋದು ನಿನ್ನ ಹೆಸರಲ್ಲಿ. ಸ್ವಲ್ಪ ಯೋಚನೆ ಮಾಡು" ಎಂದ. ಸಿಟ್ಟು ಅವನ ಮೇಲೂ ತಿರುಗಿತು. ಅವನು ಹೇಳಿದ್ದು ನಿಜವಾಗಿತ್ತು, ಅದಕ್ಕೇ.

ಮಂಡ್ಯದಿಂದ ಆರು ತಿಂಗಳಿಗೆಂದು ಬಂದಿರುವ ನಮ್ಮತ್ತೆ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದರು. ತಲೆಯೆತ್ತದೆ ಹೇಳಿದರು. "ಅಲ್ಲ ಕಣವ್ವ, ಆ ಕಡಿಕೆ ಓಗೋರು ಯಾರೂ ಇಲ್ವಾ? ಒಂದು ಚೀಟಿ ಬರ್ದು ಅವ್ರ ಕೈಲಿ ಕೊಟ್ಟು ಕಳ್ಸು."

ನಕ್ಕುಬಿಟ್ಟೆ. ನಮ್ಮ ಜನಕ್ಕೆ ಜಗತ್ತಿನ ಎಲ್ಲ ಕಷ್ಟಕ್ಕೂ ಇದೊಂದೇ ಮದ್ದು. ಊರಿಗೆ ಹೋಗುವವರ ಸೂಟ್‌ಕೇಸು. ಅವರ ಕೈಯಲ್ಲಿ ನಾವು ಬಾದಾಮಿ, ವಿಟಮಿನ್ ಮಾತ್ರೆ ಕಳಿಸುತ್ತೇವೆ. ಬರುವವರ ಕೈಯಲ್ಲಿ ಸಾರಿನ ಪುಡಿ, ಹಪ್ಪಳ ತರಿಸುತ್ತೇವೆ. ಪರಿಚಯವೇ ಇಲ್ಲದವರ ಮನೆ ಬಾಗಿಲಿಗೆ ಹೋಗಿ "ಒಂದೇ ಒಂದು ಸಣ್ಣ ಪ್ಯಾಕೆಟ್ಟು" ಎಂದು ಹಲ್ಲುಗಿಂಜುತ್ತೇವೆ. ನಗುತ್ತ ನಗುತ್ತಲೇ ಅಳು ಬಂತು. ಏಕೆಂದರೆ ಅತ್ತೆಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ ಎಂದೇನಲ್ಲ. ಜಾಮ್ ಆಂಟಿಯ ಇಮೇಲ್ ನನಗೆ ಬಾಯಿಪಾಠ. ನನ್ನ ಪರ್ಸನಲ್ ಫೋನಿನಿಂದ ನಾಲ್ಕು ಸಾಲು ಬರೆಯಬಹುದಿತ್ತು. ಬರೆದೆ ಕೂಡ. ಸೆಂಡ್ ಒತ್ತಲು ಬೆರಳು ಬರಲಿಲ್ಲ. ಅರವತ್ತು ದಿನ, ಮಗಳ ಸ್ಕೂಲು, ಎಲ್ಲ ಕಣ್ಣ ಮುಂದೆ ಬಂತು. ಹೇಡಿತನ ಎನ್ನುತ್ತೀರಾ? ಎನ್ನಿ. ನಾನೂ ಅದನ್ನೇ ಎನ್ನುತ್ತೇನೆ.

ಆದರೆ ಒಂದು ಸಣ್ಣ ದಾರಿ ಇತ್ತು.

ಪ್ರತಿ ನೋಟಿಸ್ ಕಳಿಸಿದ ಮೇಲೆ ನಾನು ಒಂದು ಫಾರ್ಮ್ ತುಂಬಿ ಮುಚ್ಚಬೇಕು. ಅದರ ಕೊನೆಯಲ್ಲೊಂದು ಚೌಕ. "ಈ ಬಿಡಿಭಾಗ ಬಳಸುವ ಎಲ್ಲರಿಗೂ ತಿಳಿಸಲಾಗಿದೆ." ಅಲ್ಲಿ ಟಿಕ್ ಹಾಕಿ ಸೈನ್ ಮಾಡಬೇಕು. ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು ಟಿಕ್ ಹಾಕಿದ್ದೇನೆ. ಮಾರನೆಯ ಬೆಳಿಗ್ಗೆ ಹಾಕಲಿಲ್ಲ. ಕೆಳಗೆ ಬರೆದೆ. "ಎಲ್ಲರಿಗೂ ತಿಳಿಸಿಲ್ಲ. ಇಂಥ ಏರ್‌ಲೈನ್‌ಗೆ ತಿಳಿಸಿಲ್ಲ. ಅದರ ಹೆಸರನ್ನು ಲಿಸ್ಟ್‌ನಿಂದ ತಪ್ಪಾಗಿ ತೆಗೆದವಳು ನಾನು. ವಾಪಸ್ ಸೇರಿಸಲು ಕೇಳಿದ್ದೇನೆ. ಕಂಪನಿ ಒಪ್ಪಿಲ್ಲ." ಸೈನ್ ಮಾಡಿದೆ.

ಮುಚ್ಚದ ಫಾರ್ಮ್ ನಮ್ಮಲ್ಲಿ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳು. ಸರ್ಕಾರದ ಇನ್‌ಸ್ಪೆಕ್ಟರ್ ಬಂದರೆ ಮೊದಲು ಕೇಳುವುದೇ ಅದನ್ನು.

ಡಗ್ ಬಂದ. ಮೆಲ್ಲಗೆ, "ಜಸ್ಟ್ ಒಂದು ಟಿಕ್ ಅಲ್ವಾ?" ಎಂದ.

"ಹೌದು. ಒಂದೇ ಟಿಕ್. ನೀನು ಹಾಕು. ನಿನ್ನ ಹೆಸರಲ್ಲಿ ಸೈನ್ ಮಾಡು."

ಆತ ಹಾಕಲಿಲ್ಲ. ಮೆಲಿಸ್ಸಾ ಹಾಕಲಿಲ್ಲ. ಮೈಕ್ ಹಿಡಿದಿದ್ದ ದೊಡ್ಡ ಬಾಸ್ ಕೂಡ ಹಾಕಲಿಲ್ಲ. ಒಂದು ದೇಶವನ್ನೇ ಬಹಿಷ್ಕರಿಸುವ ಧೈರ್ಯ ಇದ್ದವರಿಗೆ ಒಂದು ಚೌಕಕ್ಕೆ ಟಿಕ್ ಹಾಕುವ ಧೈರ್ಯ ಬರಲಿಲ್ಲ. ಎರಡು ದಿನ ನನ್ನ ಜೊತೆ ಯಾರೂ ಕಾಫಿಗೆ ಬರಲಿಲ್ಲ. ಮೂರನೆಯ ದಿನ ಮೆಲಿಸ್ಸಾ ಪರ್ಮಿಷನ್‌ಗೆ ಅರ್ಜಿ ಹಾಕಿದಳು. ಹನ್ನೊಂದನೆಯ ದಿನ ಅನುಮತಿ ಬಂತು. ಬಂದ ನಿಮಿಷವೇ ನೋಟಿಸ್ ಕಳಿಸಿದೆ.

ಜಾಮ್ ಆಂಟಿಯ ಉತ್ತರ ಕೆಲವೇ ಗಂಟೆಗಳಲ್ಲಿ ಬಂತು. ಅವಳ ಇಂಗ್ಲಿಷ್ ಯಾವಾಗಲೂ ಚುಟುಕು. "ಸಿಕ್ಕಿತು. ನೋಡಿದೆವು. ಒಂದು ವಿಮಾನದಲ್ಲಿ ಎರಡು ಪಿನ್‌ಗೆ ಬಿರುಕು. ಅದು ಇವತ್ತು ಬೆಳಿಗ್ಗೆಯೂ ಹಾರಿದೆ. ಭರ್ತಿ ಇತ್ತು. ನಿನ್ನ ಮಗಳು ಚೆನ್ನಾಗಿದ್ದಾಳಾ?"

ಈ ಸಲವೂ ಅವಳು ಯಾರಿಗೂ ಸಿಸಿ ಹಾಕಿರಲಿಲ್ಲ.

ಆ ಹನ್ನೊಂದು ದಿನ ಅದು ಎಷ್ಟು ಸಲ ಏರಿ ಇಳಿಯಿತು, ಒಳಗೆ ಯಾರ್ಯಾರು ಕೂತಿದ್ದರು ಎಂದು ನಾನು ಈಗಲೂ ಯೋಚಿಸುತ್ತೇನೆ. ಏನೂ ಆಗಲಿಲ್ಲ, ನಿಜ. ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಒಂದಿಷ್ಟೂ ಇಲ್ಲ. ನನ್ನದೂ ಇಲ್ಲ. ಮೊದಲ ಸಂಜೆಯೇ ಸೆಂಡ್ ಒತ್ತಬೇಕಿತ್ತು ನಾನು.

ಹಾಗಾದರೆ ಕಂಪನಿಗಳು ಯುದ್ಧಕೋರ ದೇಶವನ್ನು ಬಿಟ್ಟು ಹೊರಬರಬೇಕೋ ಬೇಡವೋ? ಬರಬೇಕು. ಸಾವಿರ ಸಲ ಬರಬೇಕು. ಆದರೆ ಬರುವಾಗ ಮುಂಬಾಗಿಲಿಗೆ ಬೀಗ ಹಾಕಿ ಹಿಂಬಾಗಿಲಿನಿಂದ ಪೆಟ್ಟಿಗೆ ಇಳಿಸಿಕೊಳ್ಳಬೇಡಿ. ಮತ್ತು ಯುದ್ಧ ಬೇಕೇ ಎಂದು ಯಾರೂ ಕೇಳಿರದ ಆ ಊರಿನ ಜನ ಹತ್ತುವ ವಿಮಾನದ ಬಾಗಿಲು ಸರಿಯಿಲ್ಲ ಎಂದು ಗೊತ್ತಿದ್ದರೆ, ದಯವಿಟ್ಟು ಹೇಳಿ ಸಾಯಿರಿ.

ಕಳೆದ ಶುಕ್ರವಾರ ಮತ್ತೆ ಕೆಫೆಟೇರಿಯಾಕ್ಕೆ ಕರೆದರು. ಯುದ್ಧದ ನಡುವೆಯೂ ಸುರಕ್ಷತೆಯನ್ನು ಮರೆಯದ ಕಂಪನಿ ನಮ್ಮದು ಎಂದು ದೊಡ್ಡ ಬಾಸ್ ಎದೆಯುಬ್ಬಿಸಿದರು. ಚಪ್ಪಾಳೆ. ಕೇಕ್. ಈ ಸಲ ಐಸಿಂಗ್‌ನಲ್ಲಿ ಬಿಡಿಸಿದ್ದು ವಿಮಾನ. ಡಗ್ ಒಂದು ಪೀಸ್ ತಂದು ನನ್ನ ಮುಂದೆ ಹಿಡಿದ. ಬೇಡ ಎಂದೆ. ಕಿಟಕಿಯಾಚೆ ಲಾರಿಯೊಂದು ಹಿಮ್ಮುಖವಾಗಿ ಬಂದು ನಿಂತು, ಮರದ ಪೆಟ್ಟಿಗೆಗಳನ್ನು ಇಳಿಸುತ್ತಿತ್ತು.

ಅವುಗಳ ಹೆಸರಿನಲ್ಲೂ ಒಂದು ಕೇಕ್ ಕತ್ತರಿಸಬಾರದೇಕೆ?